ಇಂಗ್ಲಿಷ್‌ನಲ್ಲಿ ‘ಸಹಾಯ ಮಾಡ್ಲಾ’ ಅಂತ ಕೇಳುವಾಗ

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಂದು ಸಣ್ಣ ಸಲಹೆ. ಪಕ್ಕದ ಸೀಟಿನವರು ಎರಡೂ ಕೈಯಲ್ಲಿ ರಟ್ಟಿನ ಡಬ್ಬ ಹಿಡಿದು ಮೊಣಕೈಯಿಂದ ಬಾಗಿಲು ತಳ್ಳುತ್ತಿದ್ದಾರೆ ಅಂದುಕೊಳ್ಳಿ, ಆಗ ‘ನೀಡ್ ಎ ಹ್ಯಾಂಡ್?’ ಅಂದರೆ ಸಾಕು. ‘ಮೇ ಐ ಹೆಲ್ಪ್ ಯು?’ ಅಂದರೆ ಬ್ಯಾಂಕ್ ಕೌಂಟರಿನ ಬೋರ್ಡ್ ಓದಿದ ಹಾಗಿರುತ್ತದೆ. ಆದರೆ ಮೊದಲ ಸಲ ಮೇಲ್ ಬರೆಯುವ ಕ್ಲೈಂಟ್‌ಗೆ ‘ನೀಡ್ ಎ ಹ್ಯಾಂಡ್’ ಬೇಡ, ಸಲುಗೆ ಜಾಸ್ತಿ ಆಯಿತು ಅನ್ನಿಸುತ್ತದೆ. ಅಲ್ಲಿ ‘ವುಡ್ ಯು ಲೈಕ್ ಸಮ್ ಹೆಲ್ಪ್ ವಿತ್ ದಿಸ್?’ ಸರಿ.

‘ಕ್ಯಾನ್ ಐ ಹೆಲ್ಪ್ ಯು?’ ಹೆಚ್ಚು ಕಡಿಮೆ ಎಲ್ಲ ಕಡೆ ನಡೆಯುತ್ತದೆ, ದನಿ ಮೇಲೆ ಮಾತ್ರ ನಿಗಾ ಇರಲಿ. ಹುಬ್ಬು ಗಂಟಿಕ್ಕಿ ಅಂದರೆ ‘ನಿಮಗೇನು ಇಲ್ಲಿ ಕೆಲಸ?’ ಅಂತ ಕೇಳಿಸುತ್ತದೆ. ನಾನೇ ಒಂದ್ಸಲ ಹೊಸ ಮ್ಯಾನೇಜರಿಗೆ ಹಾಗೆ ಕೇಳಿ, ಪಾಪ ಅವರು ‘ಸಾರಿ’ ಅಂತ ವಾಪಸ್ ಹೋಗಿಬಿಟ್ಟರು!

ಇನ್ನೊಂದು. ಸುಮ್ನೆ ‘ಲೆಟ್ ಮಿ ನೋ ಇಫ್ ಯು ನೀಡ್ ಎನಿಥಿಂಗ್’ ಅಂದರೆ ಯಾರೂ ಕೇಳಿಕೊಂಡು ಬರುವುದಿಲ್ಲ, ಅಲ್ವಾ? ‘ವಾಂಟ್ ಮಿ ಟು ಚೆಕ್ ದಿ ಬಿಲ್ಸ್?’ ಅಂತ ಕೆಲಸದ ಹೆಸರು ಹಿಡಿದೇ ಕೇಳಿ. ಮೇಲಿನವರಾದರೆ ‘ವುಡ್ ಯು ಲೈಕ್ ಮಿ ಟು’ ಅಂತ ಶುರು ಮಾಡಿ, ಉಳಿದದ್ದು ಅದೇ.