ಬಾಣದ ಕೋಲು: ಕೊಳ್ಳುವ ಮೊದಲು ಎಳೆ ನೋಡಿ

ಮನೆಯಲ್ಲಿ ಬಾಣ ಮಾಡಿಕೊಳ್ಳುವವರು ಗರಿ ಮತ್ತು ಮೊನೆಗೆ ಕೊಡುವಷ್ಟು ಗಮನವನ್ನು ಕೋಲಿಗೆ ಕೊಡುವುದಿಲ್ಲ. ಬಾಣ ಗುರಿಯತ್ತ ನೆಟ್ಟಗೆ ಹೋಗುವುದೂ, ಹೆದೆ ಬಿಟ್ಟ ಕ್ಷಣದಲ್ಲಿ ಸೀಳಿ ಬಿಲ್ಲು ಹಿಡಿದ ಕೈಗೆ ಚುಚ್ಚದಿರುವುದೂ ಬಹುಮಟ್ಟಿಗೆ ಕೋಲಿನ ಆಯ್ಕೆಯ ಮೇಲೆಯೇ ನಿಂತಿದೆ.

ಮೊದಲು ಅಳತೆ. ಎಳೆತದ ಬಲ ಸುಮಾರು 40 ಪೌಂಡ್‌ವರೆಗೆ ಇರುವ ಬಿಲ್ಲಿಗೆ 8 ಮಿ.ಮೀ. ದಪ್ಪದ ದುಂಡುಗೋಲು ಸಾಮಾನ್ಯವಾಗಿ ಸಾಕು. ಉದ್ದವು ನೀವು ಹೆದೆ ಎಳೆಯುವ ದೂರಕ್ಕಿಂತ ಕನಿಷ್ಠ ಒಂದು ಇಂಚು ಹೆಚ್ಚಿರಬೇಕು.

ಕಟ್ಟಿಗೆಯಲ್ಲಿ ಪೈನ್, ಸ್ಪ್ರೂಸ್, ಸೀಡರ್, ಬರ್ಚ್ ಬಾಣಕ್ಕೆ ಹೊಂದುತ್ತವೆ. ಯಂತ್ರಗಳನ್ನು ತುಂಬಿಕೊಂಡು ಬರುವ ಪೈನ್ ಪೆಟ್ಟಿಗೆಯ ಹಲಗೆ ಬೆಳಗಾವಿಯ ಕೈಗಾರಿಕಾ ಪ್ರದೇಶದಲ್ಲಿ ಸಿಕ್ಕರೆ, ಗಂಟಿಲ್ಲದ ಭಾಗವನ್ನು ಆರಿಸಿ ಬಡಿಗರಿಂದ ಚೌಕ ಪಟ್ಟಿ ಸೀಳಿಸಿ ದುಂಡಗೆ ಮಾಡಿಸಿಕೊಳ್ಳಬಹುದು. ಖಾನಾಪುರದ ಮಳೆಗಾಲದ ತೇವದಲ್ಲಿದ್ದ ಕೋಲು ವಿಜಯಪುರದ ಒಣ ಹವೆಗೆ ಬಂದಾಗ ತೇವ ಕಳೆದುಕೊಂಡು ಸೊಟ್ಟಗಾಗಬಹುದಾದ್ದರಿಂದ, ಕೆಲಸಕ್ಕೆ ಹಿಡಿಯುವ ಮೊದಲು ಎರಡು-ಮೂರು ವಾರ ಮನೆಯೊಳಗೆ ಸಮತಟ್ಟಾಗಿ ಇಟ್ಟಿರಿ.

ಈಗ ಎಳೆಯ, ಅಂದರೆ ಕಟ್ಟಿಗೆಯಲ್ಲಿ ಓಡಿರುವ ಗೆರೆಗಳ ವಿಷಯಕ್ಕೆ ಬರೋಣ. ಇಲ್ಲಿ ಆತುರ ಬೇಡವೇ ಬೇಡ. ಕೋಲನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಎರಡು ಮಗ್ಗುಲಲ್ಲಿ ಒತ್ತಾದ ನೇರ ಗೆರೆಗಳೂ, ಉಳಿದ ಎರಡು ಮಗ್ಗುಲಲ್ಲಿ ಅಗಲವಾದ, ಚೂಪು ತುದಿಯ ವಿನ್ಯಾಸಗಳೂ ಕಾಣುತ್ತವೆ. ಗೆರೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓಡಿದ್ದರೆ ಆ ಕೋಲು ಉತ್ತಮ. ನಡುವೆಯೇ ಓರೆಯಾಗಿ ಪಕ್ಕಕ್ಕೆ ಜಾರಿ ಮುಗಿದಿದ್ದರೆ, ಸೀಳು ಹುಟ್ಟುವ ಜಾಗ ಅದೇ. ಅಂಥದನ್ನು ಎಷ್ಟೇ ನೆಟ್ಟಗಿದ್ದರೂ, ಎಷ್ಟೇ ಅಗ್ಗವಾಗಿದ್ದರೂ ಅಂಗಡಿಯಲ್ಲೇ ಬಿಟ್ಟುಬನ್ನಿ. ಅಲ್ಪಸ್ವಲ್ಪ ಬಾಗಿದ ಕೋಲನ್ನು ಒಲೆಯ ಮೇಲೆ ಹದವಾಗಿ ಬಿಸಿ ಮಾಡಿ ಕೈಯಿಂದ ತಿದ್ದಬಹುದು; ಓರೆ ಎಳೆಯನ್ನು ತಿದ್ದಲಾಗದು.

ಬಳಿಕ ಬಿಗುವಿನ ಪರೀಕ್ಷೆ. ಬಿಲ್ಲುಗಾರರು ಇದನ್ನು ಸ್ಪೈನ್ ಎನ್ನುತ್ತಾರೆ. ಹಲಗೆಯ ಮೇಲೆ 66 ಸೆಂ.ಮೀ. ಅಂತರದಲ್ಲಿ ಎರಡು ಮೊಳೆ ಹೊಡೆದು, ಹಲಗೆಯನ್ನು ಗೋಡೆಗೆ ನಿಲ್ಲಿಸಿ, ಒತ್ತು ಗೆರೆಯ ಮಗ್ಗುಲು ನಿಮ್ಮತ್ತ ಇರುವಂತೆ ಅಲ್ಲ, ಮೇಲಕ್ಕೆ ಇರುವಂತೆ ಕೋಲನ್ನು ಮೊಳೆಗಳ ಮೇಲಿಡಿ. ನಟ್ಟನಡುವೆ ಸುಮಾರು 900 ಗ್ರಾಂ ತೂಕ ತೂಗುಹಾಕಿ, ಕೋಲು ಎಷ್ಟು ಮಿಲಿಮೀಟರ್ ಕೆಳಕ್ಕೆ ಬಾಗಿತೆಂದು ಅಳೆಯಿರಿ. 660ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಕೋಲಿನ ಬಿಗುವು ಪೌಂಡ್‌ಗಳಲ್ಲಿ ಸಿಗುತ್ತದೆ: 22 ಮಿ.ಮೀ. ಬಾಗಿದ್ದು 30 ಪೌಂಡ್‌ಗೆ, 16.5 ಮಿ.ಮೀ. ಬಾಗಿದ್ದು 40 ಪೌಂಡ್‌ಗೆ. ಈ ಲೆಕ್ಕ ನಿಮ್ಮ ಬಿಲ್ಲಿನ ಎಳೆತಕ್ಕೆ ಹತ್ತಿರವಿರಬೇಕು. ಒಂದೇ ಬತ್ತಳಿಕೆಯ ಬಾಣಗಳು ಪರಸ್ಪರ ಬಿಗುವಿನಲ್ಲೂ ತೂಕದಲ್ಲೂ ಸಮನಾಗಿದ್ದರೆ ಮಾತ್ರ ಗುರಿ ಒಂದೆಡೆ ಕೂಡುತ್ತದೆ.

ಹೆದೆ ಕೂರುವ ಕಚ್ಚನ್ನು ಕೋಲಿನ ತುದಿಯಲ್ಲಿ ಕಾಣುವ ಎಳೆಗೆ ಅಡ್ಡಲಾಗಿ ಕೊಯ್ಯಿರಿ. ಎಳೆಯ ಗುಂಟ ಕೊಯ್ದರೆ ಹೆದೆಯೇ ಕೋಲನ್ನು ಸೀಳುತ್ತದೆ. ಅಡ್ಡಲಾಗಿ ಕೊಯ್ದಾಗ ಒತ್ತು ಗೆರೆಯ ಮಗ್ಗುಲು ಬಿಲ್ಲಿಗೆ ತಾಗುತ್ತದೆ. ಮೇಲ್ಮುಖದ ಚೂಪು ವಿನ್ಯಾಸಗಳು ಗುರಿಯತ್ತ ಮುಖ ಮಾಡಿರುವಂತೆ ಕಚ್ಚಿನ ತುದಿಯನ್ನು ಆರಿಸಿಕೊಳ್ಳಿ. ಕೋಲು ಅಕಸ್ಮಾತ್ ಮುರಿದರೂ ಸಿಬಿರು ಕೈಯ ಕಡೆಗೆ ಇಳಿಯುವ ಸಂಭವ ಇದರಿಂದ ಕಡಿಮೆಯಾಗುತ್ತದೆ. ಕೊನೆಗೆ ವಾರ್ನಿಷ್ ಬಳಿದು ತೇವ ಒಳಗೆ ಹೋಗದಂತೆ ಮಾಡಿ.

ಪ್ರತಿ ಸಲ ಹೂಡುವ ಮುನ್ನ ಬಾಣವನ್ನು ಕಿವಿಯ ಹತ್ತಿರ ಹಿಡಿದು ತುಸು ಬಾಗಿಸಿ ನೋಡಿ. ಚಟ್ ಎಂಬ ಸದ್ದು ಕೇಳಿದರೆ ಅಥವಾ ಕೂದಲೆಳೆಯಷ್ಟು ಬಿರುಕು ಕಂಡರೆ, ಮನೆಯ ಮಕ್ಕಳು ಎತ್ತಿಕೊಂಡು ಹೂಡದಂತೆ ಅದನ್ನು ಅಲ್ಲೇ ಎರಡು ತುಂಡು ಮಾಡಿ ಎಸೆಯಿರಿ.