ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ನಂಬಿಕಸ್ಥ ಚಾರ್ಜಿಂಗ್: ಆರಿಸುವುದು ಹೇಗೆ?

ಅಮೆರಿಕದಲ್ಲಿ ಗ್ಯಾರೇಜಿನಲ್ಲೇ ವಿಮಾನ ಕಟ್ಟುವವರು ಸಾವಿರಾರು ಮಂದಿ. ವ್ಯಾನ್ಸ್ ಕಂಪನಿಯ ಆರ್‌ವಿ ಕಿಟ್ ತರಿಸಿಕೊಂಡು, ಲೈಕಮಿಂಗ್ ಅಥವಾ ರೋಟ್ಯಾಕ್ಸ್ ಎಂಜಿನ್ ಕೂರಿಸಿ, ವೈರಿಂಗನ್ನೂ ತಾವೇ ಮಾಡುತ್ತಾರೆ. ಚಾರ್ಜಿಂಗ್ ವಿಷಯಕ್ಕೆ ಬಂದರೆ 'ಎಷ್ಟು ಆಂಪಿಯರಿನದು ಹಾಕಲಿ?' ಅನ್ನುವ ಪ್ರಶ್ನೆಯೇ ಮೊದಲು ಬರುತ್ತದೆ. ಅದಕ್ಕೂ ಮುಂಚೆ ಕೇಳಬೇಕಾದದ್ದು ಇನ್ನೊಂದಿದೆ: ಹಾರುತ್ತಿರುವಾಗ ಆಲ್ಟರ್ನೇಟರ್ (ಎಂಜಿನ್ ತಿರುಗಿಸಿ ಕರೆಂಟ್ ಹುಟ್ಟಿಸುವ ಜನರೇಟರ್) ಕೈಕೊಟ್ಟರೆ ಎಂಜಿನ್ ನಡೆಯುತ್ತದಾ?

ಎರಡು ಮ್ಯಾಗ್ನೆಟೊ (ಅಯಸ್ಕಾಂತದಿಂದ ತಾನೇ ಕಿಡಿ ಹುಟ್ಟಿಸುವ ಸಾಧನ), ಎಂಜಿನ್ನೇ ನಡೆಸುವ ಇಂಧನ ಪಂಪ್ ಇರುವ ಲೈಕಮಿಂಗ್ ಆದರೆ ನಡೆಯುತ್ತದೆ, ಕಿಡಿಗೆ ಬ್ಯಾಟರಿಯ ಹಂಗಿಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್, ಕರೆಂಟಿನ ಪಂಪ್ ಹಾಕಿದ್ದರೆ ಕರೆಂಟ್ ಹೋದ ಕ್ಷಣ ಎಂಜಿನ್ ನಿಂತಿತು. ಅಂಥವರಿಗೆ ಕರೆಂಟಿನ ಎರಡನೇ ಮೂಲ ಬೇಕೇ ಬೇಕು. ರೋಟ್ಯಾಕ್ಸ್ 912 ಐಎಸ್ ಎಂಜಿನ್ನಿನಲ್ಲಿ ಕಾರ್ಖಾನೆಯವರೇ ಎರಡು ಜನರೇಟರ್ ಇಟ್ಟಿರುವುದು ಇದಕ್ಕೇ.

ಆಮೇಲೆ ಲೆಕ್ಕ. ರೇಡಿಯೊ, ಟ್ರಾನ್ಸ್‌ಪಾಂಡರ್ (ರೇಡಾರಿಗೆ ವಿಮಾನದ ಗುರುತು ಕಳಿಸುವ ಸಾಧನ), ಡಿಸ್‌ಪ್ಲೇ, ದೀಪ, ಪಂಪ್ ಎಲ್ಲ ಬರೆದು ಕೂಡಿಸಿ. ಸತತ ಲೋಡ್ ಜನರೇಟರ್ ಸಾಮರ್ಥ್ಯದ ಶೇ 80 ದಾಟಬಾರದು. ಸಾದಾ ರೋಟ್ಯಾಕ್ಸ್ 912 ಒಳಗಿನ ಜನರೇಟರ್ 250 ವ್ಯಾಟಿನದು, ಸುಮಾರು 18 ಆಂಪಿಯರ್, ಅದೂ ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಪಿಟೋ ಹೀಟರ್ (ವೇಗ ಅಳೆಯುವ ಕೊಳವೆಯಲ್ಲಿ ಮಂಜು ಕಟ್ಟದಂತೆ ಬಿಸಿಮಾಡುವುದು) ಒಂದೇ 10 ಆಂಪಿಯರ್ ತಿನ್ನುವುದಾದರೆ ಉಳಿದದ್ದಕ್ಕೆ ಏನಿದೆ ನೋಡಿ.

ಈಗ ಯಾವ ಬಗೆಯದು ಅನ್ನೋದು. ರೋಟ್ಯಾಕ್ಸಿನಲ್ಲಿರುವುದು ಶಾಶ್ವತ ಅಯಸ್ಕಾಂತದ ಡೈನಮೋ. ಬೆಲ್ಟ್ ಇಲ್ಲ, ಬ್ರಷ್ ಇಲ್ಲ, ಕೆಡುವುದು ಕಡಿಮೆ. ಆದರೆ ಅದನ್ನು ಆಫ್ ಮಾಡಲು ಬರುವುದಿಲ್ಲ, ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಕರೆಂಟ್ ಹುಟ್ಟುತ್ತಲೇ ಇರುತ್ತದೆ, ಹಾಗಾಗಿ ಮಧ್ಯೆ ಕರೆಂಟ್ ಕಡಿದುಹಾಕುವ ರಿಲೇ ಇರಲೇಬೇಕು. ಅದರ ರೆಗ್ಯುಲೇಟರ್ (ವೋಲ್ಟೇಜನ್ನು ಹತೋಟಿಯಲ್ಲಿಡುವ ಭಾಗ) ಬಿಸಿಗೆ ಸಾಯುತ್ತದೆ, ಎಕ್ಸಾಸ್ಟ್ ಪೈಪಿನಿಂದ ದೂರ, ತಂಗಾಳಿ ತಾಗುವ ಕಡೆ ಕೂರಿಸಿ. ಬೆಲ್ಟಿನ ಆಲ್ಟರ್ನೇಟರ್ ಆದರೆ 60 ಆಂಪಿಯರ್ ಸುಲಭವಾಗಿ ಸಿಗುತ್ತದೆ, ಒಳಗೆ ಅಯಸ್ಕಾಂತದ ಕೆಲಸ ಮಾಡುವ ಸುರುಳಿಗೆ, ಅಂದರೆ ಫೀಲ್ಡ್ ಕಾಯಿಲ್‌ಗೆ, ಹೋಗುವ ವೈರ್ ಕಡಿದರೆ ಸಾಕು, ಆರುತ್ತದೆ. ನನ್ನ ಆಯ್ಕೆ ರೆಗ್ಯುಲೇಟರ್ ಹೊರಗಿರುವ ಬೆಲ್ಟಿನದು. ಕಾರಿನ ಆಲ್ಟರ್ನೇಟರ್ ಅಗ್ಗ, ನಿಜ. ಆದರೆ ಅದರ ರೆಗ್ಯುಲೇಟರ್ ಒಳಗಿರುತ್ತದೆ, ಒಮ್ಮೆ ಹುಚ್ಚೆದ್ದರೆ ಸ್ವಿಚ್ ಆಫ್ ಮಾಡಿದರೂ ಕೇಳದಿರಬಹುದು.

ಹುಚ್ಚೇಳುವುದು ಅಂದರೆ ಇದು: 14.2 ಇರಬೇಕಾದ ವೋಲ್ಟೇಜ್ ಏರುತ್ತಾ 16 ದಾಟಿ ಮೇಲಕ್ಕೆ ಹೋಗುವುದು. ಲಕ್ಷಾಂತರ ರೂಪಾಯಿಯ ಉಪಕರಣಗಳು ಅಲ್ಲೇ ಸುಟ್ಟುಹೋಗಬಹುದು, ಲಿಥಿಯಂ ಬ್ಯಾಟರಿಯಿದ್ದರೆ ಅಪಾಯ ಇನ್ನೂ ಜಾಸ್ತಿ. ಇದನ್ನು ತಡೆಯಲು ಕ್ರೋಬಾರ್ ಅನ್ನುವ ಸಣ್ಣ ಸರ್ಕ್ಯೂಟ್ ಇದೆ. ವೋಲ್ಟೇಜ್ 16ರ ಆಸುಪಾಸು ಮುಟ್ಟಿದ ಕೂಡಲೇ ಅದು ಫೀಲ್ಡ್ ವೈರನ್ನು ತಾನೇ ಗ್ರೌಂಡಿಗೆ ಶಾರ್ಟ್ ಮಾಡುತ್ತದೆ, ಪ್ಯಾನೆಲ್ಲಿನ 5 ಆಂಪಿಯರ್ ಬ್ರೇಕರ್ ಟಕ್ಕನೆ ಹೊರಗೆ ಚಿಮ್ಮಿ ಕರೆಂಟ್ ಕಡಿಯುತ್ತದೆ, ಆಲ್ಟರ್ನೇಟರ್ ಆರುತ್ತದೆ. ದುಡ್ಡು ಉಳಿಸುವ ಜಾಗ ಇದಲ್ಲ. ಜೊತೆಗೆ 13 ವೋಲ್ಟಿಗಿಂತ ಇಳಿದರೆ ಉರಿಯುವ ಎಚ್ಚರಿಕೆ ದೀಪ ಕಣ್ಣೆದುರೇ ಇರಲಿ. ಅದಿಲ್ಲದಿದ್ದರೆ ಆಲ್ಟರ್ನೇಟರ್ ಸತ್ತದ್ದು ರೇಡಿಯೊ ನಿಂತ ಮೇಲೆಯೇ ಗೊತ್ತಾಗುವುದು.

ಜೋಡಿಸುವಾಗ ದಪ್ಪ ಔಟ್‌ಪುಟ್ ವೈರಿನ ಲಗ್ (ತುದಿಗೆ ಒತ್ತಿ ಕೂರಿಸುವ ಲೋಹದ ಕೊಂಡಿ) ಮೇಲೆ ಕಣ್ಣಿಡಿ. ಎಂಜಿನ್ ನಡುಗಿ ನಡುಗಿ ಅದು ಕತ್ತಿನಲ್ಲೇ ಬಿರುಕು ಬಿಡುತ್ತದೆ. ಸರಿಯಾದ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿ, ವೈರನ್ನು ಹತ್ತಿರದಲ್ಲೇ ಕ್ಲ್ಯಾಂಪ್ ಮಾಡಿ, ಸ್ವಲ್ಪ ಸಡಿಲ ಬಿಡಿ.

ಹಾರುವ ಮುಂಚೆ ನೆಲದ ಮೇಲೆ ಎಂಜಿನ್ ಓಡಿಸಿ, ಬೇಕಾದ ಲೋಡ್ ಎಲ್ಲ ಹಾಕಿ ಆಲ್ಟರ್ನೇಟರ್ ಸ್ವಿಚ್ ಆಫ್ ಮಾಡಿ. ದೀಪ ಉರಿಯಬೇಕು. ಆಮೇಲೆ ಇಳಿಯಲು ಅತ್ಯಗತ್ಯವಾದದ್ದನ್ನು ಮಾತ್ರ ಉಳಿಸಿಕೊಂಡು ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಅಳೆಯಿರಿ. 16 ಆಂಪಿಯರ್-ಗಂಟೆಯ ಬ್ಯಾಟರಿ 6 ಆಂಪಿಯರ್ ಲೋಡಿಗೆ ಕಾಗದದ ಮೇಲೆ ಎರಡೂವರೆ ಗಂಟೆಗಿಂತ ಜಾಸ್ತಿ ಬರಬೇಕು, ನೀವು ಅರ್ಧವನ್ನೇ ನಂಬಿ. ಈ ಅಳತೆಯನ್ನು ವರ್ಷಕ್ಕೊಮ್ಮೆ ಮತ್ತೆ ಮಾಡಿ, ನಿಮಗೆ ಬೇಕಾದ ಹೊತ್ತು ಬರದಿದ್ದರೆ ಬ್ಯಾಟರಿ ಬದಲಿಸಿ.