ನಾಲ್ಕಾರು ದನಗಳ ಕೊಟ್ಟಿಗೆಗೆ ಹಗ್ಗ, ಮೂಗುದಾರ, ಟ್ರೇವಿಸ್: ಆಯ್ಕೆ ಹೇಗೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಒಂದು ಜೋಡಿ ಎತ್ತು, ಎರಡು ಮೂರು ಆಕಳು, ಒಂದೆರಡು ಎಮ್ಮೆ ಮತ್ತು ಅವುಗಳ ಕರುಗಳನ್ನು ಕಟ್ಟಿಕೊಂಡಿರುವ ಮನೆಗಳೇ ಹೆಚ್ಚು. ಇಂಥ ಮನೆಯವರು ದನಗಳನ್ನು ಹಿಡಿದು ನಿಲ್ಲಿಸುವ ಸಾಮಾನು ಕೊಳ್ಳಲು ಹೊರಟರೆ, ಅಂಗಡಿಯವರ ಮೊಬೈಲಿನಲ್ಲಿ ಕಾಣಸಿಗುವುದು ಬಹುಪಾಲು ದೊಡ್ಡ ಡೇರಿಗಳಿಗಾಗಿ, ಅದೂ ಚಿಕ್ಕಂದಿನಲ್ಲೇ ಕೋಡು ಸುಟ್ಟ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಆಕಳುಗಳಿಗಾಗಿ ಮಾಡಿದ ಸಾಮಾನು. ಖಿಲಾರಿ ಎತ್ತಿನ ಉದ್ದನೆಯ ಚೂಪು ಕೋಡು ಆ ಕಿಂಡಿಗಳಲ್ಲಿ ಸಲೀಸಾಗಿ ತೂರುವುದಿಲ್ಲ. ಪಂಢರಪುರಿ ಎಮ್ಮೆಯ ಕೋಡಂತೂ ಹಿಂದಕ್ಕೆ ಚಾಚಿ ಹೆಗಲನ್ನು ಮುಟ್ಟುತ್ತದೆ. ಆದ್ದರಿಂದ ಬೆಲೆ ವಿಚಾರಿಸುವ ಮೊದಲು ನಿಮ್ಮ ಕೊಟ್ಟಿಗೆಯ ದನಗಳ ಕೋಡನ್ನೂ, ವರ್ಷದಲ್ಲಿ ಅವುಗಳನ್ನು ಯಾವ ಯಾವ ಕೆಲಸಕ್ಕೆ ಹಿಡಿಯಬೇಕಾಗುತ್ತದೆ ಎಂಬುದನ್ನೂ ಒಮ್ಮೆ ಲೆಕ್ಕ ಹಾಕಿರಿ.

ಆ ಲೆಕ್ಕ ಹೆಚ್ಚುಕಡಿಮೆ ಹೀಗಿರುತ್ತದೆ. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ; ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಗರುಗಳಿಗೆ, ಮುಂದೆ ಗರ್ಭಪಾತ ತರುವ ಕಂದುರೋಗದ (ಬ್ರುಸೆಲ್ಲೋಸಿಸ್) ಲಸಿಕೆ; ಹನ್ನೆರಡು ಅಂಕಿಗಳ ಕಿವಿಯೋಲೆ ಹಾಕಿಸುವುದು; ಬೆದೆಗೆ ಬಂದಾಗ ಕೃತಕ ಗರ್ಭಧಾರಣೆ, ಅದಾದ ಮೇಲೆ ಗರ್ಭ ತಪಾಸಣೆ; ಆಗಾಗ ಗಾಯ, ಹೊಟ್ಟೆಯುಬ್ಬರ, ಗೊರಸಿನ ತೊಂದರೆ. ಅಥಣಿ, ರಾಯಬಾಗ, ಜಮಖಂಡಿ, ಮುಧೋಳ ಕಡೆ ಕಬ್ಬಿನ ಗಾಡಿ ಹೂಡುವ ಎತ್ತುಗಳಿದ್ದರೆ ಲಾಳ ಕಟ್ಟಿಸುವ ಕೆಲಸವೂ ಸೇರಿತು. ಇವುಗಳಲ್ಲಿ ಲಸಿಕೆ ಮತ್ತು ಕಿವಿಯೋಲೆಗೆ ಒಳ್ಳೆಯ ಮುಖಹಗ್ಗವೂ ಒಬ್ಬ ಸಮಾಧಾನದ ಮನುಷ್ಯನೂ ಇದ್ದರೆ ಸಾಕು. ಗರ್ಭಧಾರಣೆ, ತಪಾಸಣೆ, ಹೊಲಿಗೆ, ಹೆರಿಗೆಯ ತೊಡಕುಗಳಿಗೆ ಟ್ರೇವಿಸ್, ಅಂದರೆ ದನವನ್ನು ಒಳಗೆ ನಿಲ್ಲಿಸಿ ಹಿಡಿಯುವ ಕಂಬಗಳ ಚೌಕಟ್ಟು ಬೇಕು. ದೇಹವನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ದುಬಾರಿ ಯಂತ್ರ ಹತ್ತು ದನಗಳ ಒಳಗಿನ ಯಾವ ಮನೆಗೂ ಬೇಕಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೊದಲು ಹಗ್ಗ

ದಿನಬಳಕೆಯ ಕಟ್ಟುಹಗ್ಗಕ್ಕೆ ಹೆಬ್ಬೆರಳಿನಷ್ಟು ದಪ್ಪದ ನೂಲಿನ ಹಗ್ಗ ಅಥವಾ ಚೆನ್ನಾಗಿ ಹದ ಮಾಡಿದ ಪುಂಡಿನಾರಿನ ಹಗ್ಗ ಉತ್ತಮ. ನೈಲಾನ್ ಹಗ್ಗ ಅಗ್ಗ, ಬಾಳಿಕೆಯೂ ಹೆಚ್ಚು. ಆದರೆ ಬೆದರಿದ ದನ ಜಗ್ಗಿದಾಗ ಅದು ಹಿಡಿದವನ ಅಂಗೈಯನ್ನೂ ದನದ ಕುತ್ತಿಗೆಯನ್ನೂ ಬಿಸಿಯಾಗಿ ಉಜ್ಜಿ ಚರ್ಮ ಕೀಳುತ್ತದೆ. ನೈಲಾನೇ ಬೇಕೆಂದರೆ ತೆಳ್ಳಗಿನ ಹುರಿ ಬಿಟ್ಟು ದಪ್ಪ ಹೆಣಿಗೆಯದನ್ನು ತೆಗೆದುಕೊಂಡು, ಕುತ್ತಿಗೆಗೆ ತಾಗುವ ಕಡೆ ಹಳೆಯ ಬಟ್ಟೆ ಸುತ್ತಿರಿ. ನೂಲಿನ ಹಗ್ಗ ನೆನೆದರೆ ಬಿಗಿಯುತ್ತದೆ ಎಂಬುದನ್ನು ಮಳೆ ಹೆಚ್ಚಿರುವ ಖಾನಾಪುರದ ಕಡೆಯವರು ಮರೆಯಬಾರದು.

ಮುಖಹಗ್ಗವನ್ನು ಆರಿಸುವಾಗ ಅದು ಮುಖದ ಮೇಲೆ ಎಲ್ಲಿ ಕೂರುತ್ತದೆ ಎಂದು ನೋಡಬೇಕು. ಮೂಗಿನ ಮೇಲೆ ಹಾಯುವ ಪಟ್ಟಿ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ, ಗಟ್ಟಿ ಎಲುಬಿನ ಮೇಲೆ ಬರಬೇಕು. ಕೆಳಗೆ ಜಾರಿ ಮೆತ್ತಗಿನ ಭಾಗದ ಮೇಲೆ ಕುಳಿತರೆ ಜಗ್ಗಿದಾಗ ಉಸಿರು ಕಟ್ಟುತ್ತದೆ, ಉಸಿರು ಕಟ್ಟಿದ ದನ ಇನ್ನಷ್ಟು ಹಾರಾಡುತ್ತದೆ. ಕತ್ತಿನ ಪಟ್ಟಿಯೊಳಗೆ ನಾಲ್ಕು ಬೆರಳು ಆಡುವಷ್ಟು ಸಡಿಲವಿರಲಿ. ಬೆಳೆಯುವ ಕರುವಿನ ಪಟ್ಟಿಯನ್ನು ತಿಂಗಳಿಗೊಮ್ಮೆಯಾದರೂ ಸಡಿಲಿಸದಿದ್ದರೆ ಅದು ಚರ್ಮದೊಳಗೆ ಹೂತು ಹುಣ್ಣಾಗುತ್ತದೆ.

ಗಂಟಿನ ವಿಷಯದಲ್ಲಿ ಒಂದೇ ನಿಯಮ. ಕುತ್ತಿಗೆಗೆ ಹಾಕುವ ಕುಣಿಕೆ ಎಳೆದಷ್ಟೂ ಬಿಗಿಯುವ ಜೀರುಗುಣಿಕೆ ಆಗಿರಲೇಬಾರದು. ಕಂಬಕ್ಕೆ ಹಾಕುವ ಗಂಟು ಮಾತ್ರ ದನ ಎಷ್ಟೇ ಜಗ್ಗಿದರೂ ಜಾರದಂತೆ, ನೀವು ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚುವಂತೆ ಇರಬೇಕು. ಇದನ್ನು ಮನೆಯ ಹೆಣ್ಣುಮಕ್ಕಳೂ ಸೇರಿದಂತೆ ದನಗಳ ಹತ್ತಿರ ಹೋಗುವ ಎಲ್ಲರೂ ಕತ್ತಲಲ್ಲಿ ಹಾಕಿ ಬಿಚ್ಚುವಷ್ಟು ರೂಢಿ ಮಾಡಿಕೊಳ್ಳಬೇಕು, ಏಕೆಂದರೆ ಕಟ್ಟಿದಲ್ಲಿಯೇ ಬಿದ್ದ ಆಕಳನ್ನು ಉಳಿಸಿಕೊಳ್ಳಲು ಸಿಗುವುದು ಕೆಲವೇ ನಿಮಿಷ.

ಕಟ್ಟುಹಗ್ಗದ ಉದ್ದ ದನ ಮಲಗಿ, ಕತ್ತು ತಿರುಗಿಸಿ ಪಕ್ಕೆಯನ್ನು ನೆಕ್ಕಿಕೊಳ್ಳುವಷ್ಟಿರಲಿ. ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಹೊತ್ತಿನ ಮಿತಿಯಿಲ್ಲದೆ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಮೂಗುದಾರ ಮತ್ತು ಮೂಗಿನ ಚಿಮಟಿಗೆ

ದುಡಿಯುವ ಎತ್ತಿಗೂ ಹೋರಿಗೂ ಮೂಗುದಾರ ನಮ್ಮಲ್ಲಿ ಲಾಗಾಯ್ತಿನಿಂದ ಇದೆ. ಮೂಗಿನೊಳಗಿನ ಗಟ್ಟಿ ಮೃದ್ವಸ್ಥಿಯ ಮುಂದೆ ಇರುವ ತೆಳುವಾದ ಚರ್ಮದಲ್ಲಿಯೇ ತೂತು ಬೀಳಬೇಕು. ಮೃದ್ವಸ್ಥಿಗೇ ಚುಚ್ಚಿದರೆ ಬಾವು ಬಂದು ತಿಂಗಳುಗಟ್ಟಲೆ ಮಾಯುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಪಶುವೈದ್ಯರಿಂದಲೋ ಅವರ ಮುಂದೆಯೋ ಮಾಡಿಸಿರಿ. ಮೂಗುದಾರ ಇರುವುದು ದಿಕ್ಕು ತೋರಿಸಲು; ರಾತ್ರಿ ಗೂಟಕ್ಕೆ ಕಟ್ಟುವುದು ಯಾವಾಗಲೂ ಕುತ್ತಿಗೆಯ ಹಗ್ಗದಿಂದಲೇ. ಮೂಗುದಾರದಿಂದ ಕಟ್ಟಿದ ಎತ್ತು ಬೆದರಿ ಹಿಂದೆ ಸರಿದರೆ ಮೂಗು ಹರಿಯುತ್ತದೆ, ಹರಿದ ಮೂಗು ಮತ್ತೆ ಮೊದಲಿನಂತೆ ಕೂಡುವುದು ಕಷ್ಟ.

ಮೂಗುದಾರವಿಲ್ಲದ ಆಕಳು ಎಮ್ಮೆಗಳಿಗೆ ಔಷಧಿ ಕುಡಿಸುವಾಗ, ಕಣ್ಣು ನೋಡುವಾಗ ಕಬ್ಬಿಣದ ಚಿಮಟಿಗೆ ಉಪಯೋಗಕ್ಕೆ ಬರುತ್ತದೆ. ಅದರ ತುದಿಯ ಎರಡು ಗುಂಡುಗಳು ನುಣ್ಣಗಿರಬೇಕು, ಪೂರ್ತಿ ಮುಚ್ಚಿದಾಗಲೂ ಅವುಗಳ ನಡುವೆ ಚೂರು ಸಂದು ಉಳಿಯಬೇಕು. ಅಂಗಡಿಯಲ್ಲಿಯೇ ಅದನ್ನು ನಿಮ್ಮ ಕಿರುಬೆರಳು ಮತ್ತು ಉಂಗುರ ಬೆರಳಿನ ನಡುವಿನ ಚರ್ಮಕ್ಕೆ ಹಿಡಿಸಿ ನೋಡಿ; ನಿಮಗೆ ತಡೆಯಲಾಗದಷ್ಟು ನೋವಾದರೆ ಆ ಚಿಮಟಿಗೆ ಬೇಡ.

ಟ್ರೇವಿಸ್

ಹಣ ಹಾಕುವುದಿದ್ದರೆ ಇಲ್ಲಿ ಹಾಕಿರಿ. ಪಶು ಆಸ್ಪತ್ರೆಗಳ ಅಂಗಳದಲ್ಲಿ ಕಾಣುವ, ನಾಲ್ಕು ಕಂಬ, ಎರಡೂ ಬದಿಗೆ ಅಡ್ಡ ಪೈಪು, ಮುಂದೆ ಎದೆಗೆ ತಡೆ, ಹಿಂದೆ ತೊಡೆಗೆ ತಡೆ ಇರುವ ಈ ಚೌಕಟ್ಟನ್ನು ನಮ್ಮ ಊರುಗಳ ಟ್ರೇಲರ್ ಮಾಡುವ ವೆಲ್ಡಿಂಗ್ ಅಂಗಡಿಗಳವರು ಚೆನ್ನಾಗಿಯೇ ಮಾಡಿಕೊಡುತ್ತಾರೆ. ಆದರೆ ಅವರಿಗೆ ಅಳತೆ ಕೊಡಬೇಕಾದವರು ನೀವು.

ಒಳಗಿನ ಅಗಲವೇ ಎಲ್ಲಕ್ಕಿಂತ ಮುಖ್ಯ. ಖಿಲಾರಿಯಂಥ ಸಪೂರ ಮೈಯ ದನಗಳಿಗೆ ಎರಡೂಕಾಲು ಅಡಿ ಸಾಕು, ದೊಡ್ಡ ಎಚ್.ಎಫ್. ಆಕಳು ಅಥವಾ ಮುರ್ರಾ ಎಮ್ಮೆ ಇದ್ದರೆ ಎರಡೂವರೆ ಅಡಿ ಬೇಕು. ಅದಕ್ಕಿಂತ ಅಗಲ ಮಾಡಿಸಿದರೆ ಸಣ್ಣ ಮಣಕ ಒಳಗೇ ತಿರುಗಲು ನೋಡಿ ನಡುವೆ ಸಿಕ್ಕಿಕೊಳ್ಳುತ್ತದೆ. ಉದ್ದ ಆರು ಅಡಿ ಇರಲಿ, ಹಿಂದಿನ ತಡೆಯನ್ನು ಮುಂದೆ ಹಿಂದೆ ಸರಿಸಿ ಹಾಕಲು ಎರಡು ಮೂರು ಜಾಗ ಇರಲಿ. ಹಾಗಿದ್ದರೆ ಒಂದೇ ಟ್ರೇವಿಸಿನಲ್ಲಿ ಎತ್ತೂ ನಿಲ್ಲುತ್ತದೆ, ಮಣಕವೂ ನಿಲ್ಲುತ್ತದೆ. ಎತ್ತರ ಐದೂವರೆ ಅಡಿಯ ಆಸುಪಾಸು.

ಮುಂಭಾಗದಲ್ಲಿ ತಲೆಗೆ ಬೀಗದಂತೆ ಬೀಳುವ ಗೇಟು ಹಾಕಿಸುವ ಆಸೆ ಬೇಡ. ಕೋಡಿನ ದನಗಳಿಗೆ ಮುಂಭಾಗ ತೆರೆದಿದ್ದು, ಎದೆಯ ಮಟ್ಟದಲ್ಲಿ ಒಂದು ಅಡ್ಡ ಪೈಪು, ಎರಡೂ ಮುಂಗಂಬಗಳಲ್ಲಿ ಹಗ್ಗ ಪೋಣಿಸಲು ದಪ್ಪ ಬಳೆಗಳಿದ್ದರೆ ಸಾಕು. ಮುಖಹಗ್ಗವನ್ನು ಎರಡೂ ಕಡೆಗೆ ಬಿಗಿದರೆ ತಲೆ ನಡುವೆ ನಿಲ್ಲುತ್ತದೆ, ಕೋಡು ಎಲ್ಲಿಗೂ ಸಿಕ್ಕುವುದಿಲ್ಲ. ಗೋದಲಿಯ ಮುಂದೆ ಸಾಲಾಗಿ ಹಾಕುವ, ತಾನಾಗಿ ಮುಚ್ಚಿಕೊಳ್ಳುವ ಕುತ್ತಿಗೆ ಬೀಗಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಎಲ್ಲ ಆಕಳುಗಳ ಕೋಡನ್ನೂ ಕರುವಿದ್ದಾಗಲೇ ಸುಟ್ಟಿದ್ದರೆ ಅನುಕೂಲ, ಇಲ್ಲದಿದ್ದರೆ ತಾಪತ್ರಯ.

ಹಿಂದಿನ ತಡೆಯ ಬಗ್ಗೆ ಕೊಂಚ ಹೆಚ್ಚು ಯೋಚಿಸಬೇಕು. ಪಶುವೈದ್ಯರು ಗರ್ಭ ತಪಾಸಣೆಗೆಂದು ತೋಳಿನುದ್ದಕ್ಕೂ ಕೈ ಒಳಗಿಟ್ಟಿರುವಾಗ ಆಕಳು ಒಮ್ಮೆಲೇ ಕುಸಿದು ಕುಳಿತರೆ, ಎತ್ತರದಲ್ಲಿರುವ ಗಟ್ಟಿ ಪೈಪಿನ ಮೇಲೆ ಅವರ ತೋಳು ಮುರಿಯಬಹುದು. ಆದ್ದರಿಂದ ತಡೆ ತೊಡೆಯ ನಡುವಿನ ಮಟ್ಟದಲ್ಲಿ, ಯೋನಿಗಿಂತ ಸಾಕಷ್ಟು ಕೆಳಗೆ ಬರಲಿ. ಅದನ್ನು ನಟ್ಟು ಬೋಲ್ಟಿನಿಂದ ಬಿಗಿಯಬಾರದು. ಬಳೆಗಳಲ್ಲಿ ಪೋಣಿಸಿದ ದುಂಡು ಪೈಪು ಆಗಿದ್ದು, ಪಕ್ಕಕ್ಕೆ ಎಳೆದ ಕೂಡಲೇ ಹೊರಬರಬೇಕು. ಬದಿಯ ಪೈಪುಗಳಲ್ಲಿಯೂ ಕನಿಷ್ಠ ಎಡಬದಿಯವು ಹೀಗೆಯೇ ಕಳಚುವಂತಿರಲಿ, ಏಕೆಂದರೆ ದನದ ದೊಡ್ಡ ಹೊಟ್ಟೆ ಎಡಕ್ಕಿದೆ, ಉಬ್ಬರ ವಿಪರೀತವಾದಾಗ ವೈದ್ಯರು ಸೂಜಿ ಹಾಕುವುದೂ ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದೆ ಮೇಲ್ಭಾಗದಲ್ಲಿರುವ ಕುಳಿಯಲ್ಲಿ. ಒಳಗೆ ಬಿದ್ದ ದನವನ್ನು ಹೊರಗೆ ತರುವ ದಾರಿಯೂ ಅದೇ. ಎಲ್ಲವನ್ನೂ ವೆಲ್ಡ್ ಮಾಡಿ ಕೊಟ್ಟ ಟ್ರೇವಿಸ್ ನೋಡಲು ಭದ್ರವಾಗಿ ಕಾಣುತ್ತದೆ. ಅದನ್ನು ಪುಕ್ಕಟೆ ಕೊಟ್ಟರೂ ಒಯ್ಯಬೇಡಿ.

ಕಂಬಕ್ಕೆ ಎರಡು ಇಂಚಿನ ಬಿ ಕ್ಲಾಸ್ (ಮಧ್ಯಮ ದಪ್ಪದ) ಜಿ.ಐ. (ಸತು ಲೇಪದ ಕಬ್ಬಿಣದ) ಪೈಪು, ಅಡ್ಡಕ್ಕೆ ಒಂದೂವರೆ ಇಂಚಿನದು ಸಾಕು. ಬೆಲೆಯನ್ನು ಕಿಲೋ ಲೆಕ್ಕದಲ್ಲಿ ಮಾತಾಡಿ, ತೂಕ ಹಾಕಿಸಿ. ಇಡಿಯಾಗಿ ಇಷ್ಟು ಎಂದು ಮಾತಾಡಿದಾಗ ಪೈಪಿನ ದಪ್ಪವೇ ಮೊದಲು ಇಳಿಯುವುದು. ವೆಲ್ಡ್ ಮಾಡಿದಲ್ಲಿ ಸತುವಿನ ಲೇಪ ಸುಟ್ಟುಹೋಗಿರುತ್ತದೆ, ಆ ಜಾಗಗಳಿಗೆ ಬಣ್ಣ ಬಳಿಸದಿದ್ದರೆ ಮೊದಲು ತುಕ್ಕು ಹಿಡಿಯುವುದು ಅಲ್ಲಿಯೇ. ಸಾಮಾನು ಒಪ್ಪಿಕೊಳ್ಳುವ ಮುನ್ನ ಒಂದು ಹಳೆಯ ನೂಲಿನ ಪಂಚೆಯನ್ನು ಎಲ್ಲ ಪೈಪು, ಮೂಲೆ, ಬಳೆಗಳ ಮೇಲೆ ಎಳೆದು ನೋಡಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ನಾಳೆ ಚರ್ಮ ಹರಿಯುತ್ತದೆ, ಅದನ್ನು ಅಲ್ಲಿಯೇ ಉಜ್ಜಿಸಿರಿ. ಪೈಪಿನ ತೆರೆದ ಬಾಯಿಗಳನ್ನು ಮುಚ್ಚಿಸದಿದ್ದರೆ ಕಣಜ ಗೂಡು ಕಟ್ಟುತ್ತದೆ, ಕಣಜ ಎದ್ದ ದಿನ ಯಾವ ಟ್ರೇವಿಸೂ ದನವನ್ನು ತಡೆಯಲಾರದು.

ಮನೆಯಲ್ಲಿ ಜಾಲಿ ಅಥವಾ ಬೇವಿನ ದಿಮ್ಮಿ ಇದ್ದರೆ ಮರದ ಟ್ರೇವಿಸ್ ಕೂಡ ಬಹಳ ಒಳ್ಳೆಯದು, ಬೇಸಿಗೆಯಲ್ಲಿ ಕಬ್ಬಿಣದಂತೆ ಸುಡುವುದೂ ಇಲ್ಲ. ನೆಲದೊಳಗೆ ಹೋಗುವ ಭಾಗಕ್ಕೆ ಡಾಂಬರು ಬಳಿದು ಗೆದ್ದಲಿನಿಂದ ಕಾಪಾಡಬೇಕು.

ಎಲ್ಲಿ, ಹೇಗೆ ನೆಡುವುದು

ವಿಜಯಪುರ, ಬಾಗಲಕೋಟೆಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ. ಇದರಲ್ಲಿ ಎರಡು ಅಡಿ ತೋಡಿ ನೆಟ್ಟ ಕಂಬಗಳು ಒಂದೆರಡು ವರ್ಷಗಳಲ್ಲಿ ಒಂದೊಂದು ದಿಕ್ಕಿಗೆ ವಾಲುತ್ತವೆ, ಪೋಣಿಸುವ ಪೈಪುಗಳು ಬಳೆಗಳಿಗೆ ಹೊಂದದಂತಾಗುತ್ತವೆ. ಎರೆಮಣ್ಣಿನ ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ತೋಡಿ ಕಾಂಕ್ರೀಟ್ ಹಾಕಿರಿ. ಗರಸು ತೀರ ಆಳದಲ್ಲಿದ್ದರೆ ನಾಲ್ಕೂ ಕಂಬಗಳ ಬುಡವನ್ನು ನೆಲದಡಿಯಲ್ಲಿಯೇ ಪೈಪಿನಿಂದ ಕೂಡಿಸಿ ಒಂದೇ ಚೌಕಟ್ಟು ಮಾಡಿಸಿರಿ, ನೆಲ ಅಲುಗಿದರೂ ನಾಲ್ಕೂ ಒಟ್ಟಿಗೆ ಅಲುಗುತ್ತವೆ.

ಒಳಗಿನ ನೆಲಕ್ಕೆ ನುಣುಪಾದ ಫರ್ಸಿ ಕಲ್ಲು ಹಾಸಬೇಡಿ. ಗಂಜಲ ಬಿದ್ದ ಫರ್ಸಿಯ ಮೇಲೆ ಹಿಂಗಾಲು ಜಾರಿ ಅಗಲಿದ ಆಕಳು ಮತ್ತೆ ಏಳದೇ ಹೋಗಬಹುದು. ಒರಟು ಕಾಂಕ್ರೀಟಿನಲ್ಲಿ ಗೆರೆ ಕೊರೆದ ನೆಲ ಸಾಕು. ಜಾಗವನ್ನು ಬೇವಿನ ಮರದ ನೆರಳಿನಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ಆರಿಸಿರಿ. ಬಿಸಿಲಿನಿಂದ ಕತ್ತಲೆಯ ಕಡೆಗೆ ಮುಖ ಮಾಡಿ ಒಳಹೋಗಲು ದನ ಹಿಂಜರಿಯುತ್ತದೆ, ನೇತಾಡುವ ಬಟ್ಟೆ, ಹೊಳೆಯುವ ತಗಡು ಎದುರಿಗಿದ್ದರೂ ಅಷ್ಟೇ. ಮೊದಲ ಕೆಲವು ವಾರ ಯಾವ ಚಿಕಿತ್ಸೆಯೂ ಇಲ್ಲದೆ ಸುಮ್ಮನೆ ಒಳಗೆ ನಡೆಸಿ, ಮುಂದೆ ಒಂದು ಬೊಗಸೆ ಹತ್ತಿಕಾಳು ಹಿಂಡಿ ಇಟ್ಟು ಹೊರಗೆ ಬಿಡಿ. ಹೀಗೆ ರೂಢಿಯಾದ ದನವನ್ನು ಲಸಿಕೆಯ ದಿನ ಒಳಗೆ ತರಲು ನಾಲ್ಕು ಜನ ಬೇಕಾಗುವುದಿಲ್ಲ.

ಒದೆಯುವ ಆಕಳು, ಕೆಡವುವ ಎತ್ತು

ಹಾಲು ಹಿಂಡುವಾಗ ಒದೆಯುವ ಆಕಳಿಗೆ ಸಾಧನ ಹುಡುಕುವ ಮೊದಲು ಮೊಲೆಯಲ್ಲಿ ಬಿರುಕು, ಕೆಚ್ಚಲಿನಲ್ಲಿ ಬಾವು ಇದೆಯೇ ಎಂದು ನೋಡಿ. ಒದೆತಕ್ಕೆ ಎಷ್ಟೋ ಸಲ ಕಾರಣ ನೋವೇ. ಸ್ವಭಾವದಿಂದಲೇ ಒದೆಯುವುದಾದರೆ ಹಿಂಗಾಲುಗಳ ಮಂಡಿಯ ಮೇಲೆ ಎಂಟರ ಆಕಾರದಲ್ಲಿ ಸುತ್ತಿದ ಮೆತ್ತನೆಯ ಹಗ್ಗ ಸಾಕು. ಆಕಳು ಮುಂದಕ್ಕೂ ಪಕ್ಕಕ್ಕೂ ಕಾಲು ಬೀಸುತ್ತದೆ, ಹಾಗಾಗಿ ಕಟ್ಟುವವರು ದೂರ ನಿಂತು ಕೈ ಚಾಚುವುದಕ್ಕಿಂತ ಅದರ ಪಕ್ಕೆಗೆ ಒತ್ತಿ ನಿಲ್ಲುವುದು ಕ್ಷೇಮ.

ಲಾಳ ಕಟ್ಟಲು ಎತ್ತನ್ನು ಕೆಡವುವುದಕ್ಕೆ ಮೂವತ್ತೈದು ನಲವತ್ತು ಅಡಿಯ ಒಂದೇ ಹಗ್ಗ ಬೇಕು: ಕುತ್ತಿಗೆಗೆ ಬಿಗಿಯದ ಕುಣಿಕೆ, ಮುಂಗಾಲಿನ ಹಿಂದೆ ಎದೆಗೊಂದು ಸುತ್ತು, ಹಿಂಗಾಲಿನ ಮುಂದೆ ಹೊಟ್ಟೆಗೊಂದು ಸುತ್ತು, ಆಮೇಲೆ ಹಿಂದಕ್ಕೆ ಸಮನಾಗಿ ಎಳೆದರೆ ಎತ್ತು ತಾನೇ ಕುಸಿಯುತ್ತದೆ. ಹೊಟ್ಟೆಯ ಸುತ್ತು ಹೋರಿಯ ಶಿಶ್ನದ ಮೇಲೆ, ಆಕಳಾದರೆ ಕೆಚ್ಚಲಿನ ಮೇಲೆ ಬರದಂತೆ ನೋಡಿಕೊಳ್ಳಬೇಕು. ಗಬ್ಬದ ಆಕಳನ್ನು, ಆಗಷ್ಟೇ ಮೇವು ತಿಂದ ಎತ್ತನ್ನು ಕೆಡವಬಾರದು. ಬಹಳ ಹೊತ್ತು ಪಕ್ಕಕ್ಕೆ ಮಲಗಿಸಿಟ್ಟರೆ ಹೊಟ್ಟೆ ಉಬ್ಬುತ್ತದೆ.

ಒಬ್ಬರಿಗೆ ಟ್ರೇವಿಸ್ ಖರ್ಚು ಹೆಚ್ಚೆನಿಸಿದರೆ ಓಣಿಯ ಐದಾರು ಮನೆಯವರು ಕೂಡಿ ಹಾಲಿನ ಸಂಘದ ಹತ್ತಿರ ಒಂದನ್ನು ನೆಡಬಹುದು. ಆಗ ರೋಗವೂ ಕೂಡಿಯೇ ಹರಡುತ್ತದೆ ಎಂಬ ಎಚ್ಚರ ಬೇಕು. ಬಳಸಿದ ಮೇಲೆ ಸಗಣಿ, ಜೊಲ್ಲನ್ನು ಉಜ್ಜಿ ತೊಳೆದು, ಹತ್ತು ಲೀಟರ್ ನೀರಿಗೆ ನಾನೂರು ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಪೈಪು, ಚಿಮಟಿಗೆ, ನೆಲಕ್ಕೆಲ್ಲ ಹಾಕಿರಿ; ಕಾಲುಬಾಯಿ ಬೇನೆಯ ವೈರಾಣುವನ್ನು ಈ ನೀರು ಕೊಲ್ಲುತ್ತದೆ. ಹಗ್ಗವನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ಮನೆಯಿಂದಲೇ ತರಲಿ. ಕಂದು ಹಾಕಿದ (ಗರ್ಭಪಾತವಾದ) ಆಕಳನ್ನು ಅಲ್ಲಿಗೆ ಒಯ್ಯದೆ, 1962 ಸಂಖ್ಯೆಗೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಮನೆಗೇ ಕರೆಸಿಕೊಳ್ಳಬೇಕು.